ಕೆಸರಿನ ಏರು

ಎರಡನೆಯ ಸಲವೂ ಸೈಕಲ್ಲು ಅಡ್ಡಬಿದ್ದಾಗ ಬುರುಲ್‌ಗೆ ನೋವಿಗಿಂತ ಸಿಟ್ಟೇ ಹೆಚ್ಚು ಬಂತು. ಹಿಮ ಕರಗಿ ಸೊನ್‌-ಕೋಲ್ ಸರೋವರದ ಹಾದಿಯೆಲ್ಲ ಕಲಸಿಟ್ಟ ಹಿಟ್ಟಿನಂತಾಗಿತ್ತು. ತೊರೆಯಿಂದ ದಿಬ್ಬದ ನೆತ್ತಿಯವರೆಗೆ ಕಾಲೂರದೆ ತುಳಿದವರಿಗೆ ಈ ಬೇಸಿಗೆಯಲ್ಲಿ ಸೈಕಲ್ ಪ್ರವಾಸಿಗರಿಗೆ ದಾರಿ ತೋರುವ ಕೆಲಸ. ಮೂರೇ ಅವಕಾಶ.

"ಇನ್ನೊಂದೇ ಸಲ, ಎಜೆ," ಎಂದ ತಂಡ ಕಟ್ಟುವ ಕುಬಾತ್. ಅಕ್ಕ ಎಂದು ಕರೆಯುವಾಗಲೂ ಅವನ ದನಿಯಲ್ಲಿ ಕನಿಕರವಿತ್ತು.

ಕುದುರೆಯ ಮೇಲೆ ಕೂತು ನೋಡುತ್ತಿದ್ದ ಅತ್ತೆ ಉಮ್ಸುನ್ ನಕ್ಕಳು. "ನಲವತ್ಮೂರಕ್ಕೆ ಹುಚ್ಚು ಹಿಡೀತು. ಅಲ್ಲಿ ಹೆಣ್ಗುದುರೆ ಹಾಲು ಕರೆಯೋ ಹೊತ್ತಾಯ್ತು."

"ಕರೀತೀನಿ ಅಪಾ," ಎಂದಳು ಬುರುಲ್ ಅತ್ತೆಗೆ.

"ಯಾವಾಗ? ಇರೋ ಕೆಸರೆಲ್ಲ ಮೈಗೆ ಮೆತ್ಕೊಂಡ್ಮೇಲಾ? ಏರು ಬಂದ ಕೂಡ್ಲೆ ಎದ್ದು ಮುಂದಕ್ಕೆ ಬಾಗ್ತೀಯಲ್ಲ, ಬೆನ್ನು ಹಗುರಾಯ್ತು ಅಂತ ಹಿಗ್ಗೋಕೆ ಅದೇನು ಕುದುರೇನಾ? ಹೇರಿನ ಹಾಗೆ ಕೂತ್ಕೋ."

ಬುರುಲ್ ಗಕ್ಕನೆ ನಿಂತಳು. ಹೌದು. ಕುದುರೆಯ ಮೇಲೆ ಬೆಳೆದ ಮೈ ಏರು ಕಂಡರೆ ತಾನಾಗಿ ಏಳುತ್ತಿತ್ತು. ಅವಳು ಎದ್ದೊಡನೆ ಹಿಂದಿನ ಗಾಲಿ ಕೆಸರಿನಲ್ಲಿ ಬರಿದೇ ಸುತ್ತುತ್ತಿತ್ತು.

ಕುದುರೆಯ ಮೇಲಷ್ಟೇ ಅಲ್ಲ. ಇಪ್ಪತ್ತೆರಡು ವರ್ಷ ಸೊಸೆಯಾಗಿ ಆ ಮನೆಯಲ್ಲಿ ಅವಳು ಪೂರ್ತಿ ಕೂತಿದ್ದೇ ಇಲ್ಲ. ಇನ್ನಷ್ಟು ಹೊತ್ತು ಇರಲಿ ಎನ್ನಿಸಿದ ಅತಿಥಿಗಳಿಗೆ ಚಹಾ ಅರ್ಧ ಬಟ್ಟಲೇ; ಮತ್ತೆ ಮತ್ತೆ ತುಂಬಲು ಸೊಸೆ ಏಳುತ್ತಲೇ ಇರಬೇಕು. ಹೊರಡು ಎನ್ನಬೇಕಾದವರಿಗೆ ಮಾತ್ರ ಬಟ್ಟಲು ಭರ್ತಿ. ನಿದ್ದೆಯಲ್ಲೂ ಅವಳ ಮಂಡಿಗಳು ಏಳಲು ಸಿದ್ಧವಾಗಿರುತ್ತಿದ್ದವು.

ಮೂರನೆಯ ಸಲ ಅವಳು ಮೈಭಾರವನ್ನೆಲ್ಲ ಸೀಟಿನ ಮೇಲೆ ಬಿಟ್ಟಳು. ಮುಂದಿನ ಗಾಲಿ ಹೊಯ್ದಾಡಿತು. ಏಳು, ಏಳು ಎಂದಿತು ಮೈ. ಏಳಲಿಲ್ಲ. ಹಿಂದಿನ ಗಾಲಿ ಕೆಸರನ್ನು ಕಚ್ಚಿತು. ಇಷ್ಟಿಷ್ಟೇ, ಇಷ್ಟಿಷ್ಟೇ ಮೇಲಕ್ಕೆ. ನೆತ್ತಿ ದಾಟಿದ ಮೇಲೂ ತುಳಿಯುತ್ತಲೇ ಇದ್ದಳು.

"ಸಾಕು ಎಜೆ, ನಿಲ್ಲಿ," ಕುಬಾತ್ ಕೂಗಿದ. "ಸೋಮವಾರ ಬನ್ನಿ. ಹತ್ತು ದಿನದ ದಾರಿ."

ಉಮ್ಸುನ್ ಕುದುರೆ ತಿರುಗಿಸಿದಳು.

ಹಾಲು ಕರೆದು ಬುರುಲ್ ಗುಡಾರದೊಳಗೆ ಬಂದಾಗ ಚಹಾ ಹೂಜಿ ಅತ್ತೆಯ ಕೈಯಲ್ಲಿತ್ತು.

"ಕೂತ್ಕೋ."

ಬುರುಲ್ ಬಟ್ಟಲನ್ನೇ ನೋಡಿದಳು. ಅರ್ಧವಾಯಿತು. ಅತ್ತೆಯ ಕೈ ನಿಲ್ಲಲಿಲ್ಲ. ಅಂಚಿನವರೆಗೆ ತುಂಬಿತು.

"ಕುಡಿ, ಆರಿಹೋಗತ್ತೆ," ಎಂದಳು ಉಮ್ಸುನ್, ಮುಖ ನೋಡದೆ.

ಅದು ಸಿಟ್ಟೋ ಒಪ್ಪಿಗೆಯೋ ತಿಳಿಯಲಿಲ್ಲ. ಚೆಲ್ಲದೆ ಎತ್ತುವಂತಿರಲಿಲ್ಲ. ಬುರುಲ್ ಬಗ್ಗಿ ಬಟ್ಟಲಿಗೇ ತುಟಿಯಿಟ್ಟಳು. ಮಂಡಿಗಳು ಆಗಲೇ ಏಳಲು ತವಕಿಸುತ್ತಿದ್ದವು, ಚಹಾ ಬಗ್ಗಿಸಲು ಮಾತ್ರ ಅಲ್ಲ.