ಕೈಕೊಡದ ಸ್ಟವ್ವು

ಸರ್ವೆಯರ್ ತಿರುಮಲೇಶ್ವರರ ಸ್ಟವ್ವು ಕೆಟ್ಟದ್ದನ್ನು ಕಂಡವರು ಪುತ್ತೂರಿನಿಂದ ಗುಂಡ್ಯದವರೆಗೆ ಒಬ್ಬರೂ ಇರಲಿಲ್ಲ. ಹೆಗಲಚೀಲದಲ್ಲಿ ಹಿಡಿಸುವ ಹಿತ್ತಾಳೆಯ ಪುಟ್ಟ ಪಂಪ್ ಸ್ಟವ್ವು. ಹೊಳೆಗೆ ಬಿದ್ದಿದೆ, ನೀರು ಬೆರೆಸಿದ ಚಿಮಿಣಿ ಎಣ್ಣೆ ಕುಡಿದಿದೆ. ಆದರೂ ಪಿನ್ನು ಚುಚ್ಚಿ, ಪಂಪಿನೊಳಗೆ ಗಾಳಿ ಹಿಡಿಯುವ ಚರ್ಮದ ವಾಸರಿಗೆ ತೆಂಗಿನೆಣ್ಣೆ ಸವರಿ ನಾಲ್ಕು ಸಲ ಒತ್ತಿದರೆ ಭೋರೆಂದು ಉರಿಯುತ್ತಿತ್ತು. ಊರೂರು ತಿರುಗುವ ಕೆಲಸಕ್ಕೆ ಸೇರುವಾಗ, ಪರರ ಕೈಯಡುಗೆ ಉಣ್ಣುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ನಿಜ ಹೇಳಬೇಕೆಂದರೆ ಆ ಮಾತನ್ನು ಉಳಿಸಿದ್ದು ಸ್ಟವ್ವೇ.

ನೆಲ್ಯಾಡಿ ಕಡೆ ಅಳತೆ ಇದ್ದಾಗಲೆಲ್ಲ ಅವರ ಬಿಡಾರ ಚಾಕೋ ಅವರ ಮನೆಯ ಜಗಲಿ. ಚಾಕೋ ಕೇರಳದಿಂದ ಬಂದು ರಬ್ಬರ್ ಹಾಕಿದವರು. ಮೊದಲ ದಿನ ಅವರ ಹೆಂಡತಿ ಅಚ್ಚಾಮ್ಮ ಗಂಜಿ ತಂದಾಗ ಇವರು ಕೈಮುಗಿದು ಬೇಡವೆಂದರು. ಮತ್ತೆ ಅಚ್ಚಾಮ್ಮ ಕೇಳಲಿಲ್ಲ. ಸರ್ವೆಯರ್ ಸಾರಿಗೆಂದೇ ನೀರಿನ ಬೇರೆ ಕೊಡಪಾನ ಇಟ್ಟರು, ಅವರ ಅಡುಗೆಯ ಹೊತ್ತಿನಲ್ಲಿ ಮಕ್ಕಳನ್ನು ಆ ಕಡೆ ಸುಳಿಯಗೊಡಲಿಲ್ಲ.

ತಾಯಿ ತೀರಿಕೊಂಡ ಮೇಲೆ ತಿರುಮಲೇಶ್ವರರಿಗೇ ಬೇಸರ ಹತ್ತಿತು. ಒಳಗೆ ಅವರೆಲ್ಲ ನಗುತ್ತ ಉಣ್ಣುವಾಗ ಹೊರಗೆ ಒಬ್ಬನೇ ಕೂತು ತನ್ನ ಬೆಂದದ್ದು ಬೇಯದ್ದು ನುಂಗುವುದೆಂದರೆ ಎಂಥ ಕರ್ಮ! ಒಮ್ಮೆಯಾದರೂ ಈ ಹಾಳು ಸ್ಟವ್ವು ಕೆಡಬಾರದೇ? ಊಹೂಂ. ಬಾಯಿಬಿಟ್ಟು ಕೇಳಲು ನಾಚಿಕೆ. ಬೇಡ ಎಂದ ಬಾಯಲ್ಲಿ ಬೇಕು ಎನ್ನುವುದು ಹೇಗೆ?

ಎಂಬತ್ತಮೂರನೇ ಇಸವಿಯಲ್ಲಿ ನಿವೃತ್ತಿಗೆ ಮುಂಚಿನ ಕೊನೆಯ ಅಳತೆಗೆ ಬಂದರು. ಇನ್ನು ಈ ಜಗಲಿಯ ಋಣ ಮುಗಿಯಿತು. ಅವತ್ತು ಮಧ್ಯಾಹ್ನ ಯಾರೂ ನೋಡದಂತೆ ಪಂಪು ಬಿಚ್ಚಿ, ವಾಸರನ್ನು ತೆಗೆದು ಕಿಸೆಗೆ ಹಾಕಿಕೊಂಡರು.

"ಚಾಕೋ, ಸ್ಟವ್ವು ಕೈಕೊಟ್ಟಿತು ಮಾರಾಯ್ರೆ. ಗಾಳಿಯೇ ಹೋಗುದಿಲ್ಲ."

"ಸಾರಿನ ಸ್ಟವ್ವಾ?" ಚಾಕೋ ಓಡಿಬಂದು ಬಿಚ್ಚಿ ನೋಡಿದರು. "ವಾಸರೇ ಇಲ್ಲ ಸಾರ್! ಎಲ್ಲಿ ಬಿತ್ತೋ ಎಂತದೋ."

ಈಗ ಒಳಗೆ ಕರೆಯುತ್ತಾರೆ ಎಂದು ತಿರುಮಲೇಶ್ವರರು ಮೈಯೆಲ್ಲ ಕಿವಿಯಾಗಿ ಕಾದರು. ತಾನೊಂದು ಬಗೆದರೆ ದೈವವೊಂದು ಬಗೆಯಿತು.

"ಅಯ್ಯೋ, ಕೊನೆಯ ದಿನ ಸಾರಿನ ಆಚಾರ ನಮ್ಮ ಮನೆಯಲ್ಲಿ ಕೆಡುದಾ? ಬೇಡಪ್ಪ," ಎನ್ನುತ್ತ ಅಚ್ಚಾಮ್ಮ ಹೊರಗೆ ಬಂದರು. ಗಂಡನ ಹಳೇ ಚರ್ಮದ ಚಪ್ಪಲಿಯ ಪಟ್ಟಿಯನ್ನು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಬಟ್ಟಲಿನ ಹಾಗೆ ಬಗ್ಗಿಸಿ ಪಂಪಿಗೆ ಕೂರಿಸಿದರು. ಚಾಕೋ ಒತ್ತಿದರು. ಸ್ಟವ್ವು ಎಂದಿನಂತೆಯೇ ಭೋರೆಂದಿತು.

"ಇನ್ನು ಅಡುಗೆ ಮಾಡಿ ಸಾರ್," ಎಂದು ಅಚ್ಚಾಮ್ಮ ಖುಷಿಯಿಂದ ಸೆರಗಿಗೆ ಕೈ ಒರೆಸಿಕೊಂಡರು.

ತಿರುಮಲೇಶ್ವರರಿಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು. ಮಡಿಯ ಅನ್ನ ಬೇಯುವುದು ಚಾಕೋ ಅವರ ಚಪ್ಪಲಿಯ ಗಾಳಿಯಲ್ಲಿ! ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ತಿರುಪು ಸಡಿಲಿಸಿ ಗಾಳಿ ಬಿಟ್ಟರು. ಬೆಂಕಿ ಆರಿತು. ಕಿಸೆಯಿಂದ ವಾಸರನ್ನು ತೆಗೆದು ನೆಲದ ಮೇಲಿಟ್ಟರು.

"ನಾನೇ ತೆಗೆದದ್ದು. ನೀವು ಊಟಕ್ಕೆ ಕರೀತೀರಿ ಅಂತ."

"ಮತ್ತೆ ನನ್ನ ಚಪ್ಪಲಿ?" ಎಂದರು ಚಾಕೋ.

ಅಚ್ಚಾಮ್ಮ ನಗಲಿಲ್ಲ. "ನಮ್ಮ ರೋಸಿಲಿಯ ಮದುವೆಯ ದಿನವೂ ನೀವು ಅಂಗಳದ ಮೂಲೆಯಲ್ಲಿ ಅನ್ನ ಬೇಯಿಸಿದ್ರಿ ಸಾರ್. ಮಗಳನ್ನು ಕಳಿಸಿದ್ದಕ್ಕಿಂತ ಅದಕ್ಕೇ ನಾನು ಹೆಚ್ಚು ಅತ್ತದ್ದು. ನಮ್ಮ ಕೈ ನಿಮಗೆ ಹೇಸಿಗೆ ಅಂತ."

"ತಪ್ಪಾಯ್ತು ಅಚ್ಚಾಮ್ಮ. ಹಸಿವಾಗ್ತಾ ಉಂಟು, ಬಡಿಸಿ."

"ಇವತ್ತು ಗಂಜಿ, ಚಟ್ನಿ ಮಾತ್ರ ಉಂಟು," ಎಂದು ಅಚ್ಚಾಮ್ಮ ಕಣ್ಣೊರೆಸಿಕೊಂಡರು. "ಮದುವೆಯ ಊಟ ಯಾವಾಗಲೋ ಮುಗಿಯಿತು."

ತಿರುಮಲೇಶ್ವರರು ಮೊದಲ ಬಾರಿಗೆ ಹೊಸ್ತಿಲು ದಾಟಿ ಚಾಕೋ ಅವರ ಪಕ್ಕ ಕೂತರು. ಅಚ್ಚಾಮ್ಮ ಎರಡನೆಯ ಸಲ ಬಡಿಸುವಾಗ ಬೇಕೇ ಎಂದು ಕೇಳಲಿಲ್ಲ. ಅವರೂ ಬೇಡ ಎನ್ನಲಿಲ್ಲ.