ಬಸ್ಸಿನ ಸಮಯ ನೋಡಿ ಆರಿಸಿದ ವಿಷಯ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಕಡೆಯ ಊರುಗಳಲ್ಲಿ ಎಲ್ಲರೂ ಸಲಹೆಗಾರರೇ. ಮರ್ಕಂಜದ ಕಮಲಾವತಿಯ ಮನೆಗೂ ಪುಕ್ಕಟೆ ಸಲಹೆಗಳು ಸಾಕಷ್ಟು ಬಂದವು. ಮಗಳು ಸುರಕ್ಷಾ ಒಳ್ಳೆಯ ಅಂಕ ತೆಗೆದಿದ್ದಳು. ಅವಳಿಗೆ ಪಶುವೈದ್ಯೆ ಆಗುವ ಆಸೆ. ಸುಳ್ಯದ ಕಾಲೇಜಿನ ಪಿಯುಸಿ ಅರ್ಜಿಯಲ್ಲಿ ಕಾಂಬಿನೇಷನ್ ಬರೆಯುವ ಜಾಗವೊಂದೇ ಖಾಲಿ ಉಳಿದಿತ್ತು.

ಗಂಡ ಅಚ್ಚುತನಿಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. ಜೀವಶಾಸ್ತ್ರ ಇರುವ ಪಿಸಿಎಂಬಿಯವರಿಗೆ ವಾರಕ್ಕೆರಡು ದಿನ ಸಂಜೆ ಲ್ಯಾಬ್. ಅದು ಮುಗಿಯುವಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೊರಟುಹೋಗಿರುತ್ತದೆ. ಜೀವಶಾಸ್ತ್ರದ ಬದಲು ಕಂಪ್ಯೂಟರ್ ಇರುವ ಪಿಸಿಎಂಸಿ ಆದರೆ ಆ ತಲೆನೋವಿಲ್ಲ. ಹಿರಿಯ ಮಗ ಕೀರ್ತನ್‌ನನ್ನೂ ಹೀಗೇ ಬಸ್ಸಿನ ಲೆಕ್ಕ ಹಾಕಿ ಅದಕ್ಕೇ ಸೇರಿಸಿದ್ದರು. ಅವನೀಗ ಪುತ್ತೂರಿನಲ್ಲಿ ಬಿಸಿಎ ಓದುತ್ತಿದ್ದಾನೆ.

"ಈಗ ಬಸ್ಸು ಸಿಕ್ಕಿದರೆ ಸಾಕು ಮಾರಾಯ್ತಿ. ಡಾಕ್ಟ್ರು ಆಗುದೋ ಎಂತ ಆಗುದೋ, ಪಿಯುಸಿ ಆದ ಮೇಲೆ ನೋಡುವ" ಎಂದ ಅಚ್ಚುತ.

ಕಮಲಾವತಿಗೂ ಅದು ಸರಿಯೆನಿಸಿತು. ಅರ್ಜಿ ತುಂಬಿಸಲು ಮಗಳನ್ನು ಕರೆದುಕೊಂಡು ಪಂಚಾಯತ್ ಗ್ರಂಥಾಲಯಕ್ಕೆ ಹೋದಳು. ಅಲ್ಲಿನ ಮೇಲ್ವಿಚಾರಕಿ ಝೈನಬ ಊರಿನ ಅರ್ಧ ಮಕ್ಕಳ ಅರ್ಜಿ ತುಂಬಿಸಿಕೊಟ್ಟವಳು. ಪೆನ್ನು ಹಿಡಿಯುವ ಮೊದಲು ಅವಳು ಸುರಕ್ಷಾಳ ಹತ್ತಿರ ಮುಂದೆ ಏನು ಓದಬೇಕೆಂದಿದ್ದೀಯ ಎಂದು ಕೇಳಿದಳು. ಪಶುವೈದ್ಯೆ ಆಗಬೇಕು ಎಂದಳು ಮಗಳು; ಈಗ ಪಿಸಿಎಂಸಿ ಬರೆ, ಉಳಿದದ್ದು ಪಿಯುಸಿ ಆದ ಮೇಲೆ ನೋಡುವ ಎಂದಳು ಕಮಲಾವತಿ. ಝೈನಬ ಪೆನ್ನು ಕೆಳಗಿಟ್ಟಳು.

"ಪಿಯುಸಿ ಆದ ಮೇಲೆ ನೋಡುದಲ್ಲ ಕಮಲಕ್ಕ, ಈಗಲೇ ನೋಡ್ಬೇಕು. ಪಿಯುಸಿಯಲ್ಲಿ ಜೀವಶಾಸ್ತ್ರ ಓದದಿದ್ದರೆ ಮಾರ್ಕ್ ಎಷ್ಟು ಬಂದರೂ ಆ ಸೀಟಿಗೆ ಅರ್ಜಿ ಹಾಕ್ಲಿಕ್ಕೇ ಆಗುದಿಲ್ಲ. ಪಿಸಿಎಂಬಿ ಓದಿದವರಿಗೆ ಇಂಜಿನಿಯರಿಂಗ್ ದಾರಿಯೂ ಉಂಟು."

ಝೈನಬ ಕಂಪ್ಯೂಟರಿನಲ್ಲಿ ಪ್ರವೇಶದ ನಿಯಮಗಳನ್ನು ತೆರೆದು ತೋರಿಸಿದಳು. ಪಶುವೈದ್ಯಕೀಯ, ನರ್ಸಿಂಗ್, ಬಿಎಸ್ಸಿ ಕೃಷಿ. ಒಂದೊಂದರ ಎದುರೂ ಜೀವಶಾಸ್ತ್ರ ಎಂದು ಬರೆದಿತ್ತು. ಕಮಲಾವತಿಯ ಕಣ್ಣು ಕೃಷಿ ಎಂಬಲ್ಲಿ ನಿಂತುಬಿಟ್ಟಿತು. ಕೃಷಿ ಓದುತ್ತೇನೆ ಎಂದು ಕೀರ್ತನ್ ಚಿಕ್ಕಂದಿನಿಂದ ಹೇಳುತ್ತಿದ್ದ. ಪಿಯುಸಿ ಮುಗಿದ ಮೇಲೆ ಇದ್ದಕ್ಕಿದ್ದಂತೆ ಬಿಸಿಎ ಮಾಡುತ್ತೇನೆ ಎಂದ. ಮೈಗೆ ಮಣ್ಣು ತಾಗಬಾರದು ನಿನಗೆ ಎಂದು ಅಪ್ಪ ಆಗ ಕುಟುಕಿದ್ದ. ಅವಳೂ ನಕ್ಕಿದ್ದಳು.

ಸಂಜೆ ಅಚ್ಚುತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಕೀರ್ತನ್‌ಗೆ ಫೋನ್ ಮಾಡಿ, ಕೃಷಿ ಬಿಟ್ಟದ್ದು ಜೀವಶಾಸ್ತ್ರ ಇಲ್ಲದ್ದಕ್ಕಾ ಎಂದು ನೇರವಾಗಿ ಕೇಳಿದಳು.

"ಹೌದು, ಕೃಷಿಗೆ ಅರ್ಜಿ ಹಾಕ್ಲಿಕ್ಕೆ ಹೋದಾಗ್ಲೇ ನನಗೂ ಗೊತ್ತಾದ್ದು ಅಮ್ಮ. ನೀವು ಬೇಜಾರು ಮಾಡ್ತೀರಿ ಅಂತ ಹೇಳ್ಲಿಲ್ಲ. ಹೋಗ್ಲಿ ಬಿಡಿ. ಸುರಕ್ಷಾಳಿಗೆ ಹಾಗೆ ಮಾಡ್ಬೇಡಿ."

ಅಚ್ಚುತ ಎದ್ದು ಹೊರಗೆ ಹೋದ. ಒಳಗೆ ಬಂದಾಗ ಅವನ ಮುಖ ಸಣ್ಣದಾಗಿತ್ತು. ಲ್ಯಾಬ್ ಯಾವ ಯಾವ ದಿನ ಎಂದು ಮಗಳನ್ನು ಕೇಳಿದ. ಆ ಎರಡು ದಿನ ತಾನೇ ಸ್ಕೂಟರಿನಲ್ಲಿ ಸುಳ್ಯಕ್ಕೆ ಹೋಗಿ ಕರೆದುಕೊಂಡು ಬರುತ್ತೇನೆ ಎಂದ. ಸುರಕ್ಷಾ ಖಾಲಿ ಜಾಗದಲ್ಲಿ ತನ್ನ ಕೈಯಿಂದಲೇ ಪಿಸಿಎಂಬಿ ಎಂದು ಬರೆದಳು. ಕಮಲಾವತಿ ಈ ಸಲ ಅರ್ಜಿಯನ್ನು ಪೂರ್ತಿ ಓದಿಯೇ ಸಹಿ ಹಾಕಿದಳು. ಹಿಂದೆ ಕೀರ್ತನ್‌ನ ಅರ್ಜಿಗೆ ಓದದೆ ಹಾಕಿದ ಆ ಒಂದು ಸಹಿಯ ಸಂಕಟ ಮಾತ್ರ ಅವಳಿಗೆ ಇವತ್ತಿಗೂ ಹೋಗಿಲ್ಲ.

ಹೆತ್ತವರೇ, ಜೀವಶಾಸ್ತ್ರ ಎಲ್ಲರಿಗೂ ಬೇಕೆಂದೇನಿಲ್ಲ. ನಿಮ್ಮ ಮಗುವಿಗೆ ಲೆಕ್ಕಶಾಸ್ತ್ರ ಇಷ್ಟವಿರಬಹುದು, ಇತಿಹಾಸ ಇಷ್ಟವಿರಬಹುದು. ಮುಂದೆ ಓದಬೇಕಾದ ಕೋರ್ಸಿಗೆ ಪಿಯುಸಿಯಲ್ಲಿ ಯಾವ ವಿಷಯ ಇರಲೇಬೇಕು ಎಂದು ಮೊದಲು ತಿಳಿದುಕೊಳ್ಳಿ. ಶಾಲೆಯ ಶಿಕ್ಷಕರನ್ನು, ಕಾಲೇಜಿನವರನ್ನು, ಗ್ರಂಥಾಲಯದವರನ್ನು ಕೇಳಿ. ನಿಯಮಗಳು ಬದಲಾಗುವುದುಂಟು, ಆದ್ದರಿಂದ ಆಯಾ ವರ್ಷದ್ದನ್ನೇ ನೋಡಿ. ಗೊತ್ತಾಗುವ ಹೊತ್ತಿಗೆ ಕೀರ್ತನ್‌ಗೆ ತಡವಾಗಿತ್ತು. ನಿಮ್ಮ ಮಗುವಿನ ಅರ್ಜಿ ಇನ್ನೂ ನಿಮ್ಮ ಕೈಯಲ್ಲೇ ಇದೆ.