ಗೋಡೆಯ ಮೇಲಿನ ಫರಹೀನ

ಜೇವರ್ಗಿಯಲ್ಲಿ ಪೇಂಟರ್ ಹುಸೇನಸಾಬನ ಕುಂಚ ಮುಟ್ಟದ ಗೋಡೆ ಹುಡುಕಿದರೂ ಸಿಗುತ್ತಿರಲಿಲ್ಲ. ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಶಾದಿಮಹಲ್, ಟ್ರ್ಯಾಕ್ಟರಿನ ಹಿಂಬದಿ, ಎಲ್ಲೆಲ್ಲೂ ಅವನದೇ ದುಂಡನೆಯ ಅಕ್ಷರ. ಫ್ಲೆಕ್ಸ್ ಬಂದು ಪೇಂಟರುಗಳ ಹೊಟ್ಟೆಯ ಮೇಲೆ ಹೊಡೆದ ಮೇಲೂ ಗೋಡೆ ಬರಹಕ್ಕೆ ಜನ ಅವನನ್ನೇ ಕರೆಯುತ್ತಿದ್ದರು. ಹೀಗೆ ಊರವರ ಹೆಸರನ್ನೆಲ್ಲ ಬರೆದ ಮನುಷ್ಯನಿಗೆ ತನ್ನ ಮನೆಯ ಹೆಸರೊಂದನ್ನು ಬರೆಯುವ ಯೋಗ ಬಂದದ್ದು ಮಗಳಿಂದ.

ಮಗಳು ಫರಹೀನ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಅಲ್ಲಿ ಆಳಂದದ ಗೆಳತಿ ವಿದ್ಯಾವತಿಯ ಜೊತೆ ಸೇರಿ, ರಕ್ತ ಕೊಡಲು ಒಪ್ಪಿದವರ ಹೆಸರು, ಊರು, ಫೋನ್ ನಂಬರು ಕೂಡಿಸಿ ಒಂದು ವೆಬ್‌ಸೈಟ್ ಮಾಡಿದಳು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನಲ್ಲಿ ಯಾರಿಗೇ ರಕ್ತ ಬೇಕಾಗಲಿ, ಮೊಬೈಲಿನಲ್ಲಿ ಒತ್ತಿದರೆ ಹತ್ತಿರದ ದಾನಿಯ ನಂಬರು ಸಿಗಬೇಕು ಎಂಬುದು ಹುಡುಗಿಯರ ಆಸೆ. ವಿಳಾಸಕ್ಕೆ ಯಾವ ಹೆಸರಿಡುವುದೆಂದು ಅವರು ತಲೆ ಕೆರೆದುಕೊಳ್ಳುತ್ತಿದ್ದಾಗ ನಡುವೆ ಬಾಯಿ ಹಾಕಿದವನು ಹುಸೇನಸಾಬ.

“ನಿಂದ ಹೆಸರು ಇಡು ಬೇಟಿ. ಜನ ಮನಷ್ಯಾರ ಹೆಸರು ನೋಡಿ ನಂಬ್ತಾರ.”

“ಅಬ್ಬಾ, ನಂಗ ನಾಚಿಕಿ ಬರ್ತದ,” ಎಂದಳು ಫರಹೀನ.

“ನಾಚಿಕಿ ಯಾಕ? ಕಳ್ಳತನ ಮಾಡಾಕತ್ತೀ ಏನು?”

ಅಪ್ಪನ ಹಟದ ಮುಂದೆ ಮಗಳು ಸೋತಳು. ಫರಹೀನ ಬ್ಲಡ್ ಡಾಟ್ ಇನ್ ಎಂದು ಹೆಸರು ನೋಂದಣಿಯಾಯಿತು. ಹುಸೇನಸಾಬ ಬಣ್ಣದ ಡಬ್ಬಿ ಕಟ್ಟಿಕೊಂಡು ಮೂರೂ ತಾಲೂಕು ತಿರುಗಿದ. ಬಸ್‌ಸ್ಟ್ಯಾಂಡು, ದವಾಖಾನೆಯ ಎದುರಿನ ಕಾಂಪೌಂಡು, ನೆಲೋಗಿಯ ಹಾದಿಯ ಗೋಡೆ, ಕೇಳಿ ಒಪ್ಪಿದಲ್ಲೆಲ್ಲ ನೀಲಿ ಬಣ್ಣದಲ್ಲಿ ಮಗಳ ಹೆಸರನ್ನು ಆಳೆತ್ತರ ಬರೆದ. ಬರೆದು ಹಿಂದೆ ಸರಿದು ನೋಡಿದಾಗ ಅವನ ಎದೆ ಉಬ್ಬುತ್ತಿತ್ತು.

ಮರುವರ್ಷದ ಮಳೆಗಾಲದಲ್ಲಿ ಫರಹೀನ ಜ್ವರಕ್ಕೆ ಬಿದ್ದಳು, ಮತ್ತೆ ಏಳಲಿಲ್ಲ. ಅದನ್ನು ಎಳೆದೆಳೆದು ಹೇಳಿ ಯಾರಿಗೇನು ಬಂತು? ಬೆಳೆದ ಮಗಳನ್ನು ಮಣ್ಣಿಗೆ ಕೊಟ್ಟು ಬಂದ ಮನೆ ಹೇಗಿರುತ್ತದೋ ಹಾಗೆಯೇ ಇತ್ತು ಆ ಮನೆ. ಹುಸೇನಸಾಬನಿಗೆ ಉಳಿದ ಸಮಾಧಾನವೆಂದರೆ ಆ ಗೋಡೆಗಳು. ಬಸ್ಸಿನ ಕಿಟಕಿಯಿಂದ ನೀಲಿ ಅಕ್ಷರ ಕಂಡರೆ ಸಾಕು, ಮಗಳು ಅಲ್ಲೇ ನಿಂತಿದ್ದಾಳೆ ಅನಿಸುತ್ತಿತ್ತು. ಯಾರಾದರೂ ಫೋನ್ ಮಾಡಿ “ನಿಮ್ಮ ಮಗಳ ಸೈಟ್‌ನಾಗ ರಕ್ತ ಸಿಕ್ತರಿ ಕಾಕಾ” ಎಂದರೆ ಆವತ್ತು ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ.

ದಾನಿಗಳ ಪಟ್ಟಿಯನ್ನು ವಿದ್ಯಾವತಿ ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಆಳಂದದಿಂದ ಬಸ್ಸು ಹತ್ತಿ ಬಂದೇಬಿಟ್ಟಳು. ನೀರು ಕೂಡ ಮುಟ್ಟದೆ ಮೊಬೈಲನ್ನು ಹುಸೇನಸಾಬನ ಮುಂದೆ ಹಿಡಿದಳು. ಮೇಲೆ ಫರಹೀನಳ ಹೆಸರು. ಕೆಳಗೆ ಇಸ್ಪೀಟು ಎಲೆ, ಅರೆಬರೆ ಬಟ್ಟೆಯ ಹೆಂಗಸು, ಆಡಿ ಗೆಲ್ಲಿ ಎಂಬ ಮಿಣಮಿಣ ಅಕ್ಷರ.

“ಇದೇನವ್ವಾ ಇದು? ಯಾರು ಮಾಡ್ಯಾರ?”

“ಹೆಸರು ಕಬ್ಜಾ ಆಗ್ಯಾದ್ರಿ ಚಾಚಾ,” ಎಂದಳು ವಿದ್ಯಾವತಿ, ಅಳು ನುಂಗಿಕೊಂಡು.

ವೆಬ್‌ಸೈಟಿನ ಹೆಸರು ಹೊಲದ ಹಾಗೆ ಅಪ್ಪನಿಂದ ಮಗನಿಗೆ ಬರುವಂಥದ್ದಲ್ಲ, ಬಾಡಿಗೆ ಮಳಿಗೆಯ ಹಾಗೆ ಎಂದು ಅವಳು ಬಿಡಿಸಿ ಹೇಳಿದಳು. ಅವಧಿ ಮುಗಿಯುವ ಮುಂಚೆ ಮತ್ತೆ ಬರೆಸಿಕೊಳ್ಳದಿದ್ದರೆ ಯಾರು ಬೇಕಾದರೂ ಬಂದು ತಮ್ಮ ಬೀಗ ಜಡಿಯಬಹುದು. ಜನ ಹುಡುಕಿಕೊಂಡು ಬರುವ ಹೆಸರುಗಳಿಗೆ ಹೊಂಚು ಹಾಕಿ ಕೂತವರೇ ಇದ್ದಾರೆ. ಎಲಾ, ಇದೂ ಒಂದು ಉದ್ಯೋಗ! ಸತ್ತ ಹುಡುಗಿಯ ಹೆಸರು ಖಾಲಿ ಬಿದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು.

“ಮುದ್ದತ್ತು ಮುಗೀತದ ಅಂತ ಮೊದಲ ಹೇಳಂಗಿಲ್ಲೇನು?”

“ಹೇಳ್ಯಾರ್ರಿ. ಆದ್ರ ಮೆಸೇಜು, ಈಮೇಲು ಎಲ್ಲಾ ಫರಹೀನನ ಫೋನಿಗೆ ಹೋಗ್ಯಾವ. ಆ ಫೋನ್ ಎಲ್ಲದ ಚಾಚಾ?”

ಹುಸೇನಸಾಬ ಹೆಂಡತಿಯ ಮುಖ ನೋಡಿದ. ಅಜೀಜಾಬಿ ಅಡುಗೆಮನೆಯ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು. ನಲವತ್ತನೆಯ ದಿನದ ಫಾತೇಹಾ ಮುಗಿದ ಮೇಲೆ ಸತ್ತವರ ಬಟ್ಟೆಬರೆ, ಸಾಮಾನು ಇಲ್ಲದವರಿಗೆ ಕೊಡುವುದು ಅವರ ಮನೆತನದ ರೂಢಿ. ಕೊಟ್ಟದ್ದರ ಪುಣ್ಯ ಸತ್ತವರಿಗೆ ಮುಟ್ಟುತ್ತದೆ ಎಂಬ ನಂಬಿಕೆ. ಮಗಳ ಚೂಡಿದಾರ, ಪುಸ್ತಕಗಳ ಜೊತೆ ಫೋನನ್ನೂ ಅಜೀಜಾಬಿ ಕೊಳಕೂರಿನ ತನ್ನ ತಂಗಿಯ ಮಗಳು ಗುಲನಾಜಳಿಗೆ ಕೊಟ್ಟಿದ್ದಳು. ವೆಬ್‌ಸೈಟಿನ ಕೀಲಿ ಅದರೊಳಗಿದೆ ಎಂದು ಆ ತಾಯಿಗೆ ಹೇಳಿದವರು ಯಾರು?

“ಎಲ್ಲಾ ಕೊಟ್ಟಿ, ಫೋನ್ ಯಾಕ ಕೊಟ್ಟಿ ಬೇ?” ಎಂದು ಹುಸೇನಸಾಬ ಕೂಗಿದ. “ನಿನ್ನ ಕೈಲಿಂದ ನನ್ನ ಮಗಳ ಹೆಸರು ಹಾಳಾತು.”

ಫೋನ್ ಕೊಟ್ಟ ದಿನ ಅವನೂ ಅಲ್ಲೇ ಕೂತಿದ್ದ, ಹೂಂ ಎಂದಿದ್ದ. ಅದು ಇಬ್ಬರಿಗೂ ನೆನಪಿತ್ತು, ಆದರೆ ನೊಂದ ಮನುಷ್ಯನಿಗೆ ಸಿಟ್ಟು ಇಳಿಸಲು ಒಂದು ತಲೆ ಬೇಕಿತ್ತು.

ಮರುದಿನ ಅವನು ಕೊಳಕೂರಿಗೆ ಹೋದ. ಗುಲನಾಜ ಎರಡೂ ಕೈಯಲ್ಲಿ ಫೋನ್ ತಂದುಕೊಟ್ಟಳು. ಮೊಬೈಲ್ ಅಂಗಡಿಯವನು ಒಳಗಿನದನ್ನೆಲ್ಲ ಅಳಿಸಿ ಹೊಸದು ಮಾಡಿಕೊಟ್ಟಿದ್ದ. ರೀಚಾರ್ಜ್ ಇಲ್ಲದೆ ಸಿಮ್ ಸತ್ತು, ಆ ನಂಬರು ಇನ್ಯಾರದೋ ಪಾಲಾಗಿತ್ತು. ಈಗ ಅದರಲ್ಲಿದ್ದದ್ದು ಆ ಹುಡುಗಿಯ ನರ್ಸಿಂಗ್ ಪಾಠದ ಫೋಟೋಗಳು ಮಾತ್ರ. ಹುಸೇನಸಾಬ ಫೋನನ್ನು ಅವಳ ಕೈಗೇ ಹಿಂದಿರುಗಿಸಿ, ತಲೆ ಸವರಿ, ಬರಿಗೈಯಲ್ಲಿ ಬಸ್‌ಸ್ಟಾಪಿಗೆ ಬಂದ.

ಹೆಸರು ಹಿಡಿದುಕೊಂಡವರಿಗೆ ವಿದ್ಯಾವತಿ ಬರೆದಳು. ಒಬ್ಬ ಮನುಷ್ಯ ಫೋನ್ ಮಾಡಿದ. ಹಿಂದಿಯಲ್ಲಿ ಬೆಣ್ಣೆಯಂಥ ಮಾತು, ಮಾತಿಗೊಂದು ‘ಜೀ’. ಅವನು ಹೇಳಿದ ಬೆಲೆ ಕೊಡಲು ಹುಸೇನಸಾಬ ಮನೆಯನ್ನೇ ಮಾರಬೇಕಿತ್ತು. ಅದು ತೀರಿಕೊಂಡ ಮಗಳ ಹೆಸರು ಎಂದು ಗೋಗರೆದ. ಆ ಮನುಷ್ಯ ಬಹಳ ದುಃಖವಾಯಿತು ಎಂದ. ಆದರೆ ಈ ಹೆಸರು ಒತ್ತಿ ದಿನಾ ಎಷ್ಟೋ ಜನ ಬರುತ್ತಾರೆ, ಬೆಲೆ ಇರುವುದೇ ಅದಕ್ಕೆ, ಎಂದೂ ಅಷ್ಟೇ ಮೃದುವಾಗಿ ಸೇರಿಸಿದ. ಬದ್ಮಾಶ! ಹೆಣದ ಮೇಲಿನ ಬಟ್ಟೆಗೂ ಬೆಲೆ ಕಟ್ಟುವ ಜಾತಿ.

“ಚಾಚಾ, ದೂರು ಕೊಡಬಹುದು, ಆದ್ರ ಭಾಳ ತಿಂಗಳು ಹಿಡೀತದ,” ಎಂದಳು ವಿದ್ಯಾವತಿ. “ದಾನಿಗಳ ಪಟ್ಟಿ ನನ್ನ ಹಂತ್ಯಾಕ ಅದ. ಬ್ಯಾರೆ ಹೆಸರಲೆ ಹೊಸಾದು ಮಾಡೋಣ. ಗೋಡಿ ಮ್ಯಾಲಿಂದು ಅಳಸಿಬಿಡ್ರಿ.”

“ಅಳಸೂದಾ? ಬರದ ಕೈಲೆ ಅಳಸಂತೀ ಏನು?” ಹುಸೇನಸಾಬ ಕೆರಳಿದ. “ಮನಿ ಮಾರಿಯಾದ್ರೂ ಬಿಡಿಸ್ಕೋತೇನಿ. ಅವಳ ಹೆಸರು ಜೂಜುಕೋರರ ಕೈಯಾಗ ಬಿಟ್ಟು ನಾ ಹ್ಯಾಂಗ ನಿದ್ದಿ ಮಾಡ್ಲಿ?”

ವಿದ್ಯಾವತಿ ಹೊಸ ಸೈಟಿನ ಮಾತು ಬಿಟ್ಟಳು. ಗೋಡೆಯ ಬರಹ ಹಾಗೆಯೇ ಉಳಿಯಿತು. ಗಂಡ ಹೆಂಡತಿಯ ನಡುವೆ ಮಾತು ಉಣ್ಣಲು ಬಡಿಸುವಷ್ಟಕ್ಕೇ ನಿಂತಿತು.

ಆಮೇಲೊಂದು ದಿನ ನೆಲೋಗಿಯ ಮಾಳಿಂಗ ಎಂಬ ರೈತ ಮನೆ ಕೇಳಿಕೊಂಡು ಬಂದ. ಎಷ್ಟು ಹೇಳಿದರೂ ಕುರ್ಚಿಯಲ್ಲಿ ಕೂರಲಿಲ್ಲ. ಹೊಸ್ತಿಲ ಹೊರಗೇ ನಿಂತು ಟವೆಲ್ಲು ಹಿಂಡುತ್ತಾ ಮಾತು ತೆಗೆದ.

“ನನ್ನ ಹೆಂಡತಿ ಹಡದ ಮ್ಯಾಲ ಭಾಳ ರಕ್ತ ಹೋತ್ರಿ ಕಾಕಾ. ದವಾಖಾನಿ ಎದುರಿಗೆ ಗೋಡಿ ಮ್ಯಾಲ ನಿಮ್ಮ ಮಗಳ ಹೆಸರು ನೋಡಿ ಮೊಬೈಲ್‌ನ್ಯಾಗ ಒತ್ತಿದೆ. ಇಸ್ಪೀಟ ಬಂತು. ನಾನಽ ತಪ್ಪು ಒತ್ತೀನಿ ಅಂತ ಮತ್ತ ಒತ್ತಿದೆ, ಮತ್ತ ಇಸ್ಪೀಟ.”

“ಹೆಂಡತಿ?” ಎಂದ ಹುಸೇನಸಾಬ.

“ಬದುಕ್ಯಾಳ್ರಿ. ಕಡೀಕ ಕಲಬುರ್ಗಿಯಿಂದ ಒಬ್ರು ಬಂದು ಕೊಟ್ರು. ನಾ ಜಗಳಕ್ಕ ಬಂದಿಲ್ರಿ.” ಮಾಳಿಂಗ ತಲೆ ತಗ್ಗಿಸಿದ. “ಆ ಹೊತ್ತಿನ್ಯಾಗ ನಿಮ್ಮ ಮಗಳ ಹೆಸರು ಹಿಡಿದು ಬಾಯಿಗೆ ಬಂದಂಗ ಬೈದೀನಿ. ಆಕಿ ಇಲ್ಲ ಅಂತ ಆಮ್ಯಾಲ ಗೊತ್ತಾತು. ಸತ್ತ ಕೂಸಿಗೆ ಬೈದ ಪಾಪ ತಲಿ ಮ್ಯಾಲ ಕುಂತದ. ಮಾಫ್ ಮಾಡ್ರಿ.”

ಹುಸೇನಸಾಬ ಅವನ ಎರಡೂ ಕೈ ಹಿಡಿದುಕೊಂಡ. ಹೆಸರನ್ನು ಹಾಳು ಮಾಡಿದವನು ಎಲ್ಲೋ ದೂರ ಕೂತಿದ್ದ, ನಿಜ. ಆದರೆ ಅಲ್ಲಿಗೆ ಜನರನ್ನು ದಿನಾ ಕಳಿಸುತ್ತಿದ್ದದ್ದು ತನ್ನ ಗೋಡೆಗಳು. ಹೆಸರು ಉಳಿಸುತ್ತೇನೆಂದು ಹಟ ಹಿಡಿದು, ಅದಕ್ಕೆ ಬೈಗುಳ ಕೂಡಿಸಿಟ್ಟವನು ತಾನೇ. ಇದು ಅವನಿಗೆ ಈಗ ಹೊಳೆಯಿತು.

ಅಂದೇ ವಿದ್ಯಾವತಿಗೆ ಫೋನ್ ಮಾಡಿದ. “ಹೊಸಾದು ಮಾಡವ್ವಾ. ಯಾರ ಹೆಸರೂ ಬ್ಯಾಡ. ಒಬ್ಬರ ನಂಬರಿಗೆ ಕಟ್ಟಬ್ಯಾಡ, ನಾಕು ಮಂದೀದು ಹಾಕು.”

ಮರುದಿನದಿಂದ ಸುಣ್ಣದ ಬಕೀಟು ಹಿಡಿದು ಹೊರಟ. ಮೊದಲು ಜೇವರ್ಗಿ, ಆಮೇಲೆ ನೆಲೋಗಿಯ ಹಾದಿ, ಆಮೇಲೆ ಆಳಂದ. ಕೊನೆಗೆ ಉಳಿದದ್ದು ಅಫಜಲಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಗೋಡೆ. ಅಲ್ಲಿಗೆ ಹೊರಟ ದಿನ ಅಜೀಜಾಬಿ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನಾನೂ ಬರ್ತೇನಿ,” ಎಂದಳು. ಅವನು ಬೇಡ ಎನ್ನಲಿಲ್ಲ.

ಗೋಡೆಯ ಮುಂದೆ ಬಕೀಟು ಇಳಿಸಿದಾಗಲೇ ಫೋನ್ ಬಂತು. ಅದೇ ಬೆಣ್ಣೆಯ ಮಾತಿನವನು. ಯಾಕೋ ಈಗೀಗ ಆ ಹೆಸರಿಗೆ ಜನ ಬರುತ್ತಿಲ್ಲ, ಕೊಟ್ಟಷ್ಟು ಕೊಡಿ, ಕೊಟ್ಟುಬಿಡುತ್ತೇನೆ ಎಂದ. ಇದಕ್ಕಾಗಿ ಅವನು ಎಷ್ಟು ಅತ್ತಿದ್ದ! ಹೆಂಡತಿಯತ್ತ ನೋಡಿದ. ಆಕೆ ನೀಲಿ ಅಕ್ಷರಗಳ ಮೇಲೆ ಕೈಯಾಡಿಸುತ್ತಿದ್ದಳು.

“ಬ್ಯಾಡ್ರಿ ಸಾಹೇಬ್,” ಎಂದ. “ಆ ಹೆಸರಿನಾಕಿ ಅಲ್ಲಿಲ್ಲ.” ಫೋನ್ ಇಟ್ಟು ಹೆಂಡತಿಯ ಹತ್ತಿರ ಹೋದ. “ಅಜೀಜಾ, ಫೋನ್ ನೀ ಒಬ್ಬಾಕಿ ಕೊಟ್ಟಿದ್ದಿಲ್ಲ. ನಾನೂ ಕೊಟ್ಟೀನಿ. ನಿಂಗ ಸುಮ್ಮನ ಅಂದೆ.”

ಅಜೀಜಾಬಿ ಬುರ್ಖಾದ ಅಂಚು ಬಾಯಿಗೊತ್ತಿ ಅತ್ತಳು. ಮಗಳು ಹೋದ ಮೇಲೆ ಗಂಡನ ಮುಂದೆ ಅವಳು ಹೀಗೆ ಅತ್ತದ್ದು ಅದೇ ಮೊದಲು. ಅತ್ತು ಮುಗಿದ ಮೇಲೆ ಬ್ರಷ್ಷು ತಾನೇ ಎತ್ತಿಕೊಂಡಳು. ಕೆಳಗಿನ ಅರ್ಧ ಅವಳು ಹೊಡೆದಳು, ಕೈಗೆ ಎಟುಕದ ಮೇಲಿನರ್ಧ ಅವನು.

ಸುಣ್ಣ ಹಸಿಯಿರುವಾಗ ಕೆಳಗಿನ ಬಣ್ಣ ಕಾಣುತ್ತದೆ, ಒಣಗುತ್ತ ಬಂದಂತೆ ಬಿಳುಪೇರಿ ಮುಚ್ಚುತ್ತದೆ. ಬಳಿದು ಮುಗಿದ ಮೇಲೂ ಫರಹೀನ ಎಂಬ ಹೆಸರು ಒಳಗಿನಿಂದ ನೀಲಿಯಾಗಿ ಕಾಣುತ್ತಲೇ ಇತ್ತು. ಜೇವರ್ಗಿಯ ಬಸ್ಸು ಬಂತು, ಕಂಡಕ್ಟರ್ ಕೂಗಿದ, ಇಬ್ಬರೂ ಏಳಲಿಲ್ಲ. ರಸ್ತೆಯಾಚೆಯ ಕಲ್ಲಿನ ಮೇಲೆ ಒತ್ತಾಗಿ ಕೂತು, ಬಿಸಿಲಿಗೆ ಒಂದೊಂದೇ ಅಕ್ಷರ ಮಾಯವಾಗುವುದನ್ನು ನೋಡುತ್ತಿದ್ದರು. ಕೊನೆಯ ಅಕ್ಷರವೂ ಹೋದ ಮೇಲೆ ಅಜೀಜಾಬಿ ದುವಾ ಮಾಡಿ ಎರಡೂ ಅಂಗೈಯನ್ನು ಮುಖಕ್ಕೆ ಸವರಿಕೊಂಡಳು. ಹುಸೇನಸಾಬ ಎದ್ದು, ವಿದ್ಯಾವತಿ ಕಳಿಸಿದ ಹೊಸ ವಿಳಾಸ ಬರೆಯಲು ಬಣ್ಣ ಕಲಸಿದ.